ಒಲೆಯ ಮೇಲೆ ಬಾಗಿದ ಸ್ಟಿಕ್

ಸ್ಟಿಕ್ಕನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ್ದು ದೊಡ್ಡಮ್ಮ. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುವುದು ಇದೊಂದೇ ಮಾತು. ದೊಡ್ಡಮ್ಮನೂ ಒಪ್ಪುತ್ತಾಳೆ. ಉಳಿದದ್ದನ್ನು ನಾನು ಹೇಳಿದ ಹಾಗೆಯೇ ನಂಬಬೇಕಾಗಿಲ್ಲ. ಹೇಳಿ ಹೇಳಿ ಅದರ ಅಂಚುಗಳು ಸವೆದಿವೆ.

ಅದು ಹಾಕಿ ಸ್ಟಿಕ್. ಮರದ್ದಲ್ಲ, ಕಾರ್ಬನ್ನಿನದು. ಮದುವೆಯಾಗಿ ಆಟ ಬಿಟ್ಟ ಸೀನಿಯರ್ ಒಬ್ಬಳು ನನಗೆ ಕೊಟ್ಟುಹೋಗಿದ್ದಳು. ಸೋಮವಾರಪೇಟೆ ಕಡೆಯ ನಮ್ಮ ಶಾಲೆಯ ಮೈದಾನದಲ್ಲಿ ಹುಲ್ಲಿಗಿಂತ ಜಲ್ಲಿ ಹೆಚ್ಚು. ಅದಕ್ಕೆ ಉಜ್ಜಿ ಉಜ್ಜಿ ಸ್ಟಿಕ್ಕಿನ ತಲೆಯ ಬಣ್ಣ ಹೋಗಿ ಒಳಗಿನ ನಾರು ನರೆಗೂದಲಿನಂತೆ ಎದ್ದಿತ್ತು. ಆ ಮಳೆಗಾಲವಿಡೀ ನಾನು ಅದನ್ನು ನೆನೆಸಿದೆ. ಮಳೆಯಲ್ಲಿ ಆಡುವುದು, ಒದ್ದೆ ಚೀಲದಲ್ಲೇ ತುರುಕುವುದು, ಮರುದಿನ ಒದ್ದೆಯಾಗಿಯೇ ತೆಗೆಯುವುದು. ಮಡಿಕೇರಿಯಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು. ವಯಸ್ಸಿನ ಲೆಕ್ಕದಲ್ಲಿ ನನಗೆ ಅದೇ ಕೊನೆಯ ವರ್ಷ. ಆಯ್ಕೆಯಾದರೆ ಟರ್ಫ್ ಮೈದಾನ, ಕೋಚ್, ರಾಜ್ಯ ತಂಡದ ದಾರಿ. ಆಗದಿದ್ದರೆ ಆಟ ಅಲ್ಲಿಗೆ ಮುಗಿಯಿತು.

ಆಯ್ಕೆಗೆ ಮೊದಲಿನ ವಾರ ನನಗೆ ಜ್ವರ. ಆಗಲೇ ದೊಡ್ಡಮ್ಮ ನನ್ನ ಚೀಲ ಬಿಚ್ಚಿದ್ದು.

"ಏನೇ ಇದು, ಇಲಿ ಸತ್ತಂಗೆ ನಾತ! ಇದನ್ನ ಹಿಡ್ಕೊಂಡು ಮಡಿಕೇರಿಗೆ ಹೋಗ್ತೀಯಾ?"

ದೊಡ್ಡಮ್ಮ ಅಮ್ಮನ ಅಕ್ಕ. ಗಂಡ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ದೊಡ್ಡಪ್ಪ ಊರಿನ ಟೀಮಿಗೆ ಆಡುತ್ತಿದ್ದವನು. ಅವನ ಮರದ ಸ್ಟಿಕ್ ವರ್ಷವಿಡೀ ಅಟ್ಟದಲ್ಲೇ ಇದ್ದು ಹೊಗೆ ಕುಡಿದು ಕಬ್ಬಿಣದಂತೆ ಕಪ್ಪಾಗಿತ್ತಂತೆ. ನಮ್ಮಲ್ಲಿ ಮಳೆ ಹಿಡಿದರೆ ಸೂರ್ಯನನ್ನು ಯಾರೂ ನಂಬುವುದಿಲ್ಲ, ಅಟ್ಟವನ್ನು ನಂಬುತ್ತಾರೆ. ಬಿತ್ತನೆಯ ಜೋಳ, ಯೂನಿಫಾರ್ಮು, ಹಂದಿಮಾಂಸದ ತುಂಡು, ಮಗುವಿನ ಟೋಪಿ, ಕೆಡಬಾರದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಹಾಗಾಗಿ ನನ್ನ ಸ್ಟಿಕ್ಕೂ ಹೋಯಿತು.

ಅದರ ಮೇಲೆ ಹಸಿ ಸೌದೆ ಪೇರಿಸಿದ್ದು ಯಾರು? ನನ್ನ ನೆನಪಿನಲ್ಲಿ ಅಮ್ಮ. ಹಾಸಿಗೆಯಿಂದಲೇ ಅವಳ ಬಳೆಯ ಸದ್ದು ಕೇಳಿದೆ. ಅಮ್ಮನ ನೆನಪಿನಲ್ಲಿ ಅದೂ ದೊಡ್ಡಮ್ಮನೇ. ಜ್ವರದಲ್ಲಿ ಕೇಳಿದ ಬಳೆ ಸಾಕ್ಷಿಯಾಗುವುದಿಲ್ಲ, ಬಿಡುತ್ತೇನೆ. ಎರಡು ಬಿದಿರ ಗಳುಗಳಿಗೆ ಅಡ್ಡಲಾಗಿ ಸ್ಟಿಕ್ಕು, ಮೇಲೆ ಸೌದೆ, ಕೆಳಗೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುವ ಒಲೆ. ಹೊರಡುವ ಬೆಳಿಗ್ಗೆ ದೊಡ್ಡಮ್ಮನೇ ಅದನ್ನು ಇಳಿಸಿ, ಸೆರಗಿನಿಂದ ಮಸಿ ಒರೆಸಿ ಚೀಲಕ್ಕೆ ಹಾಕಿದಳು. ನಾನು ನೋಡಲಿಲ್ಲ.

ಮಡಿಕೇರಿಯಲ್ಲಿ ಆಟಕ್ಕೆ ಮೊದಲು ಸ್ಟಿಕ್ ಪರೀಕ್ಷೆ. ಆಯ್ಕೆಗಾರರಲ್ಲಿ ಒಬ್ಬರು ಎಲ್ಲರ ಸ್ಟಿಕ್ಕುಗಳನ್ನು ಮೇಜಿನ ಮೇಲೆ ಮಲಗಿಸಿ, ಬಾಗಿದ ಕಡೆ ಉಳಿಯುವ ಸಂದಿಗೆ ಒಂದು ಅಳತೆಯ ತುಂಡನ್ನು ತೂರಿಸುತ್ತಿದ್ದರು. ತೂರಿದರೆ ನಿಯಮಕ್ಕಿಂತ ಹೆಚ್ಚು ಬಾಗಿದೆ ಎಂದರ್ಥ. ನನ್ನದರ ಕೆಳಗೆ ಅದು ತಡೆಯಿಲ್ಲದೆ ಹೋಗಿ ಆ ಕಡೆ ಬಂತು.

"ಎಷ್ಟು ಹೊತ್ತು ಬಿಸಿ ಮಾಡಿದ್ದಮ್ಮಾ?"

"ನಾನಲ್ಲ ಸಾರ್. ದೊಡ್ಡಮ್ಮ ಒಲೆ ಮೇಲೆ ಒಣಗಿಸಿದ್ದು."

"ಹಂದಿ ಜೊತೆಗಾ?"

ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಆ ಆಯ್ಕೆಗಾರರು ನಗು ಮುಗಿಯುವವರೆಗೆ ಕಾದರು. "ಫ್ಲಿಕ್ ಹೊಡೆದ್ರೆ ಚೆಂಡು ಜೋರಾಗಿ ಹೋಗ್ಲಿ ಅಂತ ಬಿಸಿ ಮಾಡಿ ಬಗ್ಗಿಸೋರನ್ನ ನಾನು ಬೇಕಾದಷ್ಟು ನೋಡಿದೀನಿ. ಕಾರಲ್ಲಿಟ್ಟೆ ಅಂತಾರೆ, ಬಿಸಿಲಲ್ಲಿ ಮರೆತೆ ಅಂತಾರೆ. ದೊಡ್ಡಮ್ಮ ಇದೇ ಮೊದಲು." ಆಮೇಲೆ ಸ್ಟಿಕ್ಕನ್ನು ಮೂಗಿನ ಹತ್ತಿರ ಹಿಡಿದರು. ಮುಖ ಸ್ವಲ್ಪ ಬದಲಾಯಿತು. "ಹೊಗೆ ವಾಸನೆ ಇದೆ. ಸುಳ್ಳಲ್ಲ ಇದು. ಆದ್ರೂ ನಡೆಯಲ್ಲ. ಬೇರೆ ತಗೊಂಡು ಆಡು."

ನಂಬಿಯೂ ನಿರಾಕರಿಸಿದರು. ನಂಬದೆ ಇದ್ದಿದ್ದರೆ ಇಷ್ಟು ವರ್ಷ ಅವರನ್ನು ದ್ವೇಷಿಸಿಕೊಂಡಾದರೂ ಇರಬಹುದಿತ್ತು.

ಇಂಥ ಸ್ಟಿಕ್ಕುಗಳ ಬಗ್ಗೆ ನಾನು ಓದಿ ತಿಳಿದದ್ದು ಬಹಳ ತಡವಾಗಿ. ಕಾರ್ಬನ್ ನಾರು, ಗಾಜಿನ ನಾರು ನೀರಿಗೂ ಒಲೆಗೂ ಸುಲಭಕ್ಕೆ ಬಗ್ಗುವುದಿಲ್ಲ. ಅವುಗಳನ್ನು ಹಿಡಿದಿಟ್ಟಿರುವ ಅಂಟು ನೀರು ಕುಡಿಯುತ್ತದೆ. ಬಣ್ಣ ಕಿತ್ತುಹೋದ ಜಾಗದಿಂದ ನೀರು ನಾರಿನ ಗುಂಟ ಒಳಗೆ ಹೋಗಿ, ನಾರಿಗೂ ಅಂಟಿಗೂ ಇರುವ ಹಿಡಿತವನ್ನು ಸಡಿಲಿಸುತ್ತದೆ. ನೀರು ಕುಡಿದ ಅಂಟಿಗೆ ಒಣ ಅಂಟಿನಷ್ಟು ಬಿಸಿ ತಡೆಯುವ ಶಕ್ತಿ ಇರುವುದಿಲ್ಲ, ಬೇಗ ಮೆತ್ತಗಾಗುತ್ತದೆ. ಆಗ ಮೇಲೆ ಭಾರವಿದ್ದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಗ್ಗುತ್ತದೆ. ಆರಿದಾಗ ಜಗ್ಗಿದ ಹಾಗೆಯೇ ಗಟ್ಟಿಯಾಗುತ್ತದೆ. ಮಳೆಯಲ್ಲಿ ನೆನೆಯದೆ ಬರೀ ಒಲೆಯ ಬಿಸಿಯಾಗಿದ್ದರೆ ತಡೆಯುತ್ತಿತ್ತೇನೋ. ಇದನ್ನು ಓದಿ ಸಮಾಧಾನವಾಗಬೇಕಿತ್ತು. ಸಿಟ್ಟು ಬಂತು. ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು, ಸಿಕ್ಕಿದ್ದು ಅಂಟು.

ಬೇರೆಯವಳ ಸ್ಟಿಕ್ ಹಿಡಿದು ಆಡಿದೆ. ನನಗಿಂತ ಗಿಡ್ಡ ಹುಡುಗಿಯದು. ಬಗ್ಗಿ ಬಗ್ಗಿ ಸೊಂಟ ನೋಯುತ್ತಿತ್ತು. ಹೇಗೆ ಆಡಿದೆ? ಒಂದು ನೆನಪಿನಲ್ಲಿ ಚೆಂಡು ನನ್ನ ಸ್ಟಿಕ್ಕಿನ ಕೆಳಗಿಂದ ನುಸುಳಿ ಗೆರೆ ದಾಟುತ್ತದೆ. ಇನ್ನೊಂದರಲ್ಲಿ ನಾನು ಕೊಟ್ಟ ಪಾಸಿಗೆ ಯಾರೋ "ಭೇಷ್" ಅನ್ನುತ್ತಾರೆ. ಎರಡೂ ಅದೇ ದಿನದವು ಹೌದೋ ಅಲ್ಲವೋ ಗೊತ್ತಿಲ್ಲ. ಸಂಜೆ ಹೆಸರು ಓದಿದರು. ನನ್ನದಿರಲಿಲ್ಲ. ಇದರಲ್ಲಿ ಮಾತ್ರ ಎರಡು ನೆನಪಿಲ್ಲ.

ಮನೆಯಲ್ಲಿ ದೊಡ್ಡಮ್ಮ ಕೇಳಿದಳು: "ಕೋಲು ಸರಿ ಇದ್ದಿದ್ರೆ ತಗೋತಿದ್ರೇನೇ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ತಗೋತಿದ್ರು. ಇನ್ನೇನು? ನಿನ್ನ ಗಂಡನ ಕಾಲದ ಬುದ್ಧಿ ನಿಂದು. ಎಲ್ಲಾನೂ ಹೊಗೆಗೆ ಹಾಕು!"

ಅಲ್ಲಿಗೆ ಅದು ತೀರ್ಮಾನವಾಗಿಬಿಟ್ಟಿತು. ನಾನು ಆಯ್ಕೆಯಾಗಬಹುದಿದ್ದ ಹುಡುಗಿ; ದೊಡ್ಡಮ್ಮ ಅದನ್ನು ತಪ್ಪಿಸಿದವಳು. ಎಲ್ಲರಿಗಿಂತ ಜೋರಾಗಿ ಅದನ್ನು ಹೇಳುವವಳು ಅವಳೇ. ನೆಂಟರು ಬಂದು ಕೂತ ತಕ್ಷಣ ಶುರು: "ನಾನೇ ಕಣ್ರಪ್ಪಾ ಹಾಳ್ಮಾಡಿದ್ದು. ಇಲ್ದಿದ್ರೆ ಇವತ್ತು ಟೀವೀಲಿ ಬರ್ತಿದ್ಲು." ಒಂದೊಂದು ಸಲ ಹೇಳಿದಾಗಲೂ ನಾನು ಇನ್ನಷ್ಟು ಒಳ್ಳೆಯ ಆಟಗಾರ್ತಿಯಾಗುತ್ತೇನೆ, ಅವಳು ಇನ್ನಷ್ಟು ದಡ್ಡಿಯಾಗುತ್ತಾಳೆ. ನಾನು ಎಷ್ಟರವಳು ಎಂದು ತಿಳಿಯುವ ದಿನ ಒಂದಿತ್ತು. ಸೋಲುವುದಾದರೆ ನನ್ನದೇ ಸ್ಟಿಕ್ಕಿನಲ್ಲಿ ಸೋಲಬೇಕಿತ್ತು. ಈ ಕಥೆ ಅದನ್ನೂ ಉಳಿಸಲಿಲ್ಲ.

ಈ ಸಲದ ಮಳೆಗಾಲದಲ್ಲಿ ನೆಂಟರ ಮುಂದೆ ಅವಳು ಮತ್ತೆ ಆರಂಭಿಸಿದಾಗ ನಾನು ನಡುವೆ ಬಾಯಿ ಹಾಕಿದೆ. "ಅವತ್ತು ನಾನು ಚೆನ್ನಾಗಿ ಆಡ್ಲಿಲ್ಲ ದೊಡ್ಡಮ್ಮ. ಯಾವ ಸ್ಟಿಕ್ ಇದ್ದಿದ್ರೂ ಅಷ್ಟೇ ಆಗ್ತಿತ್ತು." ನಿಜವೋ ಸುಳ್ಳೋ ನನಗೇ ತಿಳಿಯದ ಮಾತು. ಅವಳ ಹೆಗಲಿನ ಭಾರ ಇಳಿದೀತು ಎಂದುಕೊಂಡಿದ್ದೆ.

ದೊಡ್ಡಮ್ಮ ಕೆರಳಿದಳು. "ಸುಮ್ನಿರೇ! ನಿನ್ನ ಆಟ ನಿಂಗೇನು ಗೊತ್ತು? ಆಡೋಳು ನೀನು, ನೋಡೋರು ನಾವಲ್ವಾ?"

ಅವಳು ನನ್ನ ಆಟವನ್ನು ಒಂದು ದಿನವೂ ನೋಡಿದವಳಲ್ಲ. ಕಾಫಿ ಲೋಟ ಹಿಡಿದಿದ್ದ ನೆಂಟರು ನನ್ನ ಕಡೆ ತಿರುಗಿ, "ಪಾಪ" ಎಂದರು.