ಶಿಲುಬೆ ಬಾಗಿಲಿನ ಮೊಳೆ ತೂತು

ಲಂಡನ್ನಿನ ಹೌನ್ಸ್ಲೋ ಆಚೆ ಒಂದು ಹಳೇ ಬಂಗಲೆ ಇತ್ತು. ತೊಂಬತ್ತರ ದಶಕದಿಂದ ಅದನ್ನು ಗುಡಿಸಿ ಒರೆಸಿದವಳು ನಾನು. ಅದರ ಸತ್ತ ಮಾಲೀಕನಿಗೆ ಅಮೆರಿಕದ ಹುಚ್ಚು. ಅಲ್ಲಿ ಮೊದಮೊದಲು ನೆಲೆಸಿದ ಬಿಳಿಯರು ಕಟ್ಟಿಕೊಂಡಿದ್ದ ಮರದ ಮನೆಯೊಂದನ್ನು ಹಲಗೆ ಹಲಗೆ ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ಬಂಗಲೆಯೊಳಗೇ ಜೋಡಿಸಿದ್ದ. ತಲೆಗೆ ಬಡಿಯುವ ತೊಲೆ, ಎಮ್ಮೆ ನಿಲ್ಲುವಷ್ಟು ದೊಡ್ಡ ಬೆಂಕಿಗೂಡು, ಮೊಳದಗಲದ ನೆಲಹಲಗೆ. ನಮ್ಮ ಧಾರವಾಡದ ಕಡೆ ದನದ ಕೊಟ್ಟಿಗೆ ಇದಕ್ಕಿಂತ ಎತ್ತರ. ಇದನ್ನು ನೋಡಲು ಜನ ಟಿಕೆಟ್ ತೆಗೆದುಕೊಂಡು ಬರುತ್ತಿದ್ದರು.

ನನ್ನ ಜೊತೆ ಉಡುಪಿಯ ಕ್ರಿಸ್ತಾನರ ಹೆಂಗಸೊಬ್ಬಳು ಕೆಲಸಕ್ಕಿದ್ದಳು, ಗಂಡ ಸತ್ತವಳು. ಅವರ ಕಡೆಯ ರೂಢಿಯಂತೆ ಅವಳನ್ನು ಬಾಯಿ ಎಂದು ಕರೆಯುತ್ತಿದ್ದೆ. ಮೊದಲು ಹೌನ್ಸ್ಲೋದಲ್ಲೇ ಇದ್ದ ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಮಲಗಿಸುತ್ತಿದ್ದಳು. ನೀರಿಗೆ ಬಂದವರು ಇವಳನ್ನು ದಾಟಿಕೊಂಡೇ ಹೋಗಬೇಕು. ಬಂಗಲೆಗೆ ಸೇರಿದ ಮೇಲೆ ಕುದುರೆ ಲಾಯದ ಮೇಲಿನ ಕೋಣೆ ಸಿಕ್ಕಿತು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು. ಕೆಲಸ ಹೋದರೆ ಕೋಣೆಯೂ ಹೋಯಿತು, ಕರಾರು ಅಷ್ಟೇ.

ಮರದ ಮನೆಯ ಬಾಗಿಲಲ್ಲಿ ಆರು ಚೌಕಗಳು. ಮೇಲಿನ ನಾಲ್ಕರ ನಡುವಿನ ಪಟ್ಟಿ ಶಿಲುಬೆ, ಕೆಳಗಿನೆರಡು ತೆರೆದಿಟ್ಟ ಬೈಬಲ್, ಮಾಟಗಾತಿ ಒಳಗೆ ಬರಬಾರದೆಂದು ಹಾಗೆ ಮಾಡಿಸಿದ್ದು ಎಂದು ಗೈಡ್ ದಿನಾ ಹೇಳುತ್ತಿದ್ದ. ಬಾಯಿ ನಂಬಿದಳು. ಈಸ್ಟರ್‌ಗೆ ಮೊದಲಿನ ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ತಾಳೆಗರಿಯನ್ನು ಶಿಲುಬೆಯಂತೆ ಮಡಚಿ, ಮರುದಿನ ಆ ಬಾಗಿಲಿಗೆ ಸಣ್ಣ ಮೊಳೆ ಹೊಡೆದು ಸಿಕ್ಕಿಸಿಬಿಟ್ಟಳು.

"ಏನ್ ಮಾಡಿದಿ ಬಾಯಿ? ಮಂದಿ ಬಾಗಿಲಿಗೆ ಮೊಳಿ ಹೊಡೀತಾರೇನು?"

"ಎಂತ ಆಗ್ತದೆ ಅಕ್ಕ? ಶಿಲುಬೆ ಬಾಗಿಲಲ್ವಾ? ನಮ್ಮ ಮನೆಯಲ್ಲೂ ಹೀಗೇ ಇಡುದು."

ಮೇಲ್ವಿಚಾರಕಿ ಬಂದು ನೋಡಿದಳು. ಕೂಗಾಡಲಿಲ್ಲ, ನಕ್ಕಳು. ಶಿಲುಬೆಯೂ ಇಲ್ಲ, ಮಾಟಗಾತಿಯೂ ಇಲ್ಲ, ಹಲಗೆ ಸೊಟ್ಟಗಾಗದಿರಲಿ ಎಂದು ಬಡಗಿ ಹಾಗೆ ಮಾಡಿದ್ದು ಎಂದಳು. ಆ ಕಥೆ ಟಿಕೆಟ್ ಕೊಂಡವರಿಗೆ, ಕಸ ಗುಡಿಸುವವರಿಗಲ್ಲ ಎಂದಳು. ಕಥೆ ಹೇಳಿದ ಗೈಡ್ ಪಕ್ಕದಲ್ಲೇ ನಿಂತು ತೊಲೆ ನೋಡುತ್ತಿದ್ದ. ಮೊಳೆ ಕಿತ್ತರು, ತೂತು ಉಳಿಯಿತು. ಮಧ್ಯಾಹ್ನದೊಳಗೆ ಬಾಯಿಯ ಕೆಲಸ ಹೋಯಿತು.

ಅವಳ ಗಂಟುಮೂಟೆ ಹಿಡಿದು ಬಸ್ಸಿನಲ್ಲಿ ನಾನೇ ಅಣ್ಣನ ಮನೆಗೆ ಬಿಟ್ಟುಬಂದೆ. ಅವರ ಮನೆಮಾತು ಕೊಂಕಣಿ, ಆದರೂ ಅತ್ತಿಗೆ ನನಗೂ ತಿಳಿಯಲಿ ಎಂದು ಕನ್ನಡದಲ್ಲೇ ಅಂದಳು: "ಬಂದ್ಯಾ? ಚಾಪೆ ಅಲ್ಲೇ ಉಂಟು."

ಕೆಲವು ವರ್ಷ ಕಳೆದು ಹೊಸ ಗೈಡ್ ಬಂದ. ಒಂದಿನ ನಾನು ಬೆಂಕಿಗೂಡು ಒರೆಸುತ್ತಿದ್ದೆ. ಅವನು ಬಾಗಿಲಿನ ಆ ತೂತಿಗೆ ಬೆರಳಿಟ್ಟು, ಮುನ್ನೂರು ವರ್ಷದ ಹಿಂದೆ ಅಮೆರಿಕದ ಕಾಡಿನಲ್ಲಿ ಯಾವಳೋ ಭಕ್ತೆ ಮಾಟಗಾತಿಗೆ ಹೆದರಿ ಇಲ್ಲಿ ಶಿಲುಬೆ ಸಿಕ್ಕಿಸಿದ್ದಳು, ಅದರದೇ ಗುರುತು ಎಂದ. ಜನ ಬಗ್ಗಿ ಬಗ್ಗಿ ಮುಟ್ಟಿದರು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ನಾನು ಬೂದಿ ತುಂಬಿಕೊಂಡು ಹೊರಗೆ ಬಂದೆ.

ಭಾನುವಾರ ಬಾಯಿಗೆ ಫೋನ್ ಮಾಡಿದೆ. ಆಗ ಅವಳಿಗೆ ಮಂಡಿನೋವು, ಹಗಲೂ ಅಡುಗೆಮನೆಯ ಅದೇ ಚಾಪೆಯ ಮೇಲೆ ಮಲಗಿಯೇ ಇರುತ್ತಿದ್ದಳು.

"ನೀ ಹೊಡದ ಮೊಳಿ ತೂತಿಗೆ ಮಂದಿ ಕೈ ಮುಗ್ಯಾಕತ್ತಾರ."

ಹೇಳಿದ್ದನ್ನೆಲ್ಲ ಕೇಳಿ ಕೆಮ್ಮು ಬರುವಷ್ಟು ನಕ್ಕಳು. "ಹಾಗಾದ್ರೆ ನಾನು ಸತ್ತು ಮುನ್ನೂರು ವರ್ಷ ಆಯ್ತಾ ಅಕ್ಕ?"

ಹಿಂದೆ ಪಾತ್ರೆ ಸದ್ದಾಯಿತು. ಬಾಯಿ ದನಿ ತಗ್ಗಿಸಿದಳು.

"ಇಡ್ತೇನೆ. ಅತ್ತಿಗೆ ಬಂದ್ರು, ಕಾಲು ಮಡಚ್ಬೇಕು."