ಲಿನೋದಲ್ಲಿ ಕೊರೆದ ಕರಿಯ

ಇವತ್ತು ಬೆಳಿಗ್ಗೆ ಮೇಡ್ಲೇರಿಯಿಂದ ವೈನಿ ಬಂದರು. ವೈನಿ ಎಂದರೆ ನಮ್ಮ ದೊಡ್ಡಪ್ಪನ ಸೊಸೆ. ಚೀಲದಲ್ಲಿ ಎರಡು ಸೇರು ಅಗಸಿ ಬೀಜ, ಅದರಡಿಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಹಲಗೆ. "ಸುಣ್ಣಾ ಹಚ್ಚಾಕ ಗ್ವಾಡಿ ಮ್ಯಾಲಿಂದ ಇಳಿಸಿದ್ವಿ. ನೀ ಮಾಡಿದ್ದು, ನೀನ ಇಟ್ಕೋವಾ" ಎಂದರು. ನಾನು ಚಟ್ನಿಪುಡಿಗೆಂದು ಅಗಸಿ ಹುರಿಯಲು ಇಟ್ಟೆ. ಬಾಣಲೆಯಿಂದ ಆ ಎಣ್ಣೆವಾಸನೆ ಎದ್ದದ್ದೇ ತಡ, ಮನಸ್ಸು ರಾಣೆಬೆನ್ನೂರಿನ ಡ್ರಾಯಿಂಗ್ ಮಾಸ್ತರರ ಪಡಸಾಲೆಯಲ್ಲಿ ಹೋಗಿ ಕೂತಿತು.

ಎಂಬತ್ತರ ದಶಕದ ಕೊನೆ, ನಾನಾಗ ಕಾಲೇಜು ಹುಡುಗಿ. ರವಿವಾರ ಅವರ ಮನೆಗೆ ಚಿತ್ರ ಕಲಿಯಲು ಹೋಗುತ್ತಿದ್ದೆ. ಒಂದು ದಿನ ಮಾಸ್ತರರು ಯಾವುದೋ ಆಫೀಸಿನ ನೆಲದಿಂದ ಕಿತ್ತು ಒಗೆದ ಲಿನೋಲಿಯಂ ತುಂಡುಗಳನ್ನು ಮೆತ್ತಗಾಗಲೆಂದು ಬಿಸಿಲಿಗಿಟ್ಟಿದ್ದರು. ನಾನೋ, ಏನು ಕಂಡರೂ ಮೊದಲು ಮೂಸುವವಳು. "ಸರ, ಇದು ಅಗಸಿ ವಾಸನಿ ಬರ್ತೈತಲ್ರಿ" ಎಂದೆ.

"ಅಗಸಿ ಎಣ್ಣಿಲೇನ ಮಾಡಿರ್ತಾರ. ತಿಂದಗಿಂದೀ ಮತ್ತ."

ರೊಟ್ಟಿಗೆ ನೆಂಚಿಕೊಳ್ಳುವ ಅಗಸಿ ನೆಲದ ಹಾಸೂ ಆಗುತ್ತದೆ, ಚಿತ್ರವೂ ಆಗುತ್ತದೆ ಎಂದರೆ ಯಾರಿಗೆ ಹುಚ್ಚು ಹಿಡಿಯುವುದಿಲ್ಲ ಹೇಳಿ. ಹಳೆಯ ಛತ್ರಿಯ ಕಡ್ಡಿಯ ತುದಿ ಮಸೆದು ಮಾಸ್ತರರೇ ಉಳಿ ಮಾಡಿಕೊಟ್ಟರು. ಲಗ್ನಪತ್ರಿಕೆಯ ಪ್ರೆಸ್ಸಿನಿಂದ ಕಪ್ಪು ಮಸಿ ತಂದರು. "ಕೊರದದ್ದು ಬಿಳಿ, ಬಿಟ್ಟದ್ದು ಕರಿ. ಇಷ್ಟ ಶಾಸ್ತ್ರ" ಎಂದರು. ನನ್ನ ಮೊದಲ ಕೆತ್ತನೆ ಬ್ಯಾಡಗಿ ಮೆಣಸಿನಕಾಯಿ. ಅಪ್ಪ ನೋಡಿ, "ಮೀಸಿ ಭಾಳ ಚಲೋ ಬಂದಾವ. ಯಾರವು?" ಎಂದು ಕೇಳಿದರು.

ಆ ಬೇಸಿಗೆಯಲ್ಲಿ ದೊಡ್ಡಪ್ಪನ ಕರಿಯ ಸತ್ತಿತು. ಕರಿಯ, ಬಿಳಿಯ ಅವರ ಎತ್ತಿನ ಜೋಡಿ. ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋದರೆ ಬರುವಾಗ ದೊಡ್ಡಪ್ಪ ಚಕ್ಕಡಿಯಲ್ಲಿ ನಿದ್ದೆ ಹೊಡೆಯುತ್ತಿದ್ದರು, ಕರಿಯನೇ ದಾರಿ ನೋಡಿಕೊಂಡು ಮನೆ ಮುಟ್ಟಿಸುತ್ತಿದ್ದ. ಅವನದೊಂದು ಫೋಟೋ ಸಹ ಇರಲಿಲ್ಲ. ಯಾರ ಹತ್ತಿರವೂ ಏನೂ ಬೇಡದ ದೊಡ್ಡಪ್ಪ, ನನ್ನ ಹತ್ತಿರ ಬಂದು ಕುಳಿತು, "ಅದೇನೋ ಕೊರಿತೀಯಂತ. ನಮ್ಮ ಜೋಡಿ ಮಾಡಿಕೊಡವಾ. ಕರಿಯನ ಮಾರಿ ದಿನಾ ಒಂದೀಟು ಮಸಕಾಗಾಕತ್ತೈತಿ" ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೀಸೆ ಕೊರೆದವಳು ಕರಿಯನ ಮುಖ ಕೊರೆಯುವುದೆಂದರೆ!

ಲಿನೋ ತುಂಡನ್ನು ಹಲಗೆಗೆ ಅಂಟಿಸಿಕೊಂಡು ಒಂದು ತಿಂಗಳು ಹೆಣಗಿದೆ. ಎದುರಿನಿಂದ ನೋಡಿದಂತೆ, ನೊಗಕ್ಕೆ ಹೂಡಿದ ಎರಡೂ ಎತ್ತು. ಕರಿಯನ ಹಣೆಗೆ ಉಳಿ ತಾಗಿಸದೆ ಪೂರ್ತಿ ಕಪ್ಪಿಗೆ ಬಿಟ್ಟೆ. ಮಸಿ ಹಚ್ಚಿ, ಹಾಳೆ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಎತ್ತಿದಾಗ ನನ್ನ ಮೇಲೆ ನನಗೇ ಪ್ರೀತಿ ಬಂತು. ಮರುದಿನವೇ ಮೇಡ್ಲೇರಿ ಬಸ್ಸು ಹತ್ತಿದೆ.

ದೊಡ್ಡಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಎತ್ತು ಚಲೋ ಅದಾವ. ಆದ್ರ ನಮ್ಮವಲ್ಲ."

"ಯಾಕ ದೊಡ್ಡಪ್ಪ?"

"ಕರಿಯ ಬಲಕ್ಕ ಹೂಡೋ ಎತ್ತು. ಇಲ್ಲಿ ನೊಗದ ಎಡಕ್ಕ ನಿಂತಾನ. ಎಡಕ್ಕ ಹೂಡಿದ್ರ ಅಂವ ಒಂದ್ ಹೆಜ್ಜಿ ಕೀಳ್ತಿರ್ಲಿಲ್ಲ."

ಅಚ್ಚಿನಲ್ಲಿ ಎಡಬಲ ತಿರುಗುತ್ತದೆ, ಅಕ್ಷರಗಳನ್ನು ಉಲ್ಟಾ ಕೊರೆಯಬೇಕು ಎಂದು ಮಾಸ್ತರರು ಹೇಳಿಯೇ ಇದ್ದರು. ಎತ್ತಿಗೆಂಥ ಎಡಬಲ ಎಂದುಕೊಂಡಿದ್ದೆ, ಒಕ್ಕಲುತನದ ಮನೆಯಲ್ಲಿ ಹುಟ್ಟಿಯೂ. ಕಣ್ಣಲ್ಲಿ ನೀರು ಬಂತು. ನನ್ನದು ತಪ್ಪಲ್ಲವೆಂದು ತೋರಿಸಲು ಚೀಲದಿಂದ ಹಲಗೆ ತೆಗೆದೆ. "ಇಲ್ಲಿ ಬರೋಬ್ಬರಿ ಐತಿ ನೋಡ್ರಿ. ಹಾಳಿ ಮ್ಯಾಲ ಅದಲುಬದಲು ಆಗೈತಿ."

ದೊಡ್ಡಪ್ಪ ಹಲಗೆಯನ್ನು ಬಾಗಿಲ ಬೆಳಕಿಗೆ ಒಯ್ದು, ಹೆಬ್ಬೆರಳಿನಿಂದ ತಡವಿದರು. "ಹ್ಞಾಂ, ಇಂವ ನೋಡು ನಮ್ಮಾಂವ. ಇದು ಇಲ್ಲಿರ್ಲಿ. ಹಾಳಿ ನೀ ಒಯ್ಯಿ."

ಊಟಕ್ಕೆ ಕರೆದರೆ ಅನ್ನ ಬಿಟ್ಟು ಪಾತ್ರೆ ಹೊತ್ತೊಯ್ದಂತಾಯಿತು. ಮುಂದೆ ತಿರುಗಿಸಿ ಕೊರೆದು ಸರಿಯಾದ ಅಚ್ಚನ್ನೇ ಒಯ್ದೆ, "ನನಗ ಇದ ಸಾಕವಾ" ಎಂದು ಗೋಡೆಗೆ ತೂಗುಹಾಕಿದ್ದ ಹಲಗೆ ತೋರಿಸಿದರು. ದೊಡ್ಡಪ್ಪನಿಗೆ ಕಲೆ ತಿಳಿಯುವುದಿಲ್ಲ ಎಂದು ಎಷ್ಟೋ ವರ್ಷ, ಅವರು ತೀರಿಕೊಂಡ ಮೇಲೂ, ಇದನ್ನು ಹೇಳಿ ನಾಲ್ಕು ಜನರನ್ನು ನಗಿಸಿದ್ದೇನೆ.

ಅಗಸಿ ಸೀದ ವಾಸನೆಗೆ ಎಚ್ಚರವಾಯಿತು. ಒಲೆ ಆರಿಸಿದೆ. ಹಲಗೆಯನ್ನು ಒರೆಸಿ, ಮನೆಯಲ್ಲಿದ್ದ ಮಸಿ ಹಚ್ಚಿ, ಹಾಳೆ ಹಾಸಿ, ಅಡುಗೆಮನೆಯ ಚಮಚದಿಂದಲೇ ಉಜ್ಜಿದೆ. ಬಿಳಿಯ ಅಂದಿನಂತೆಯೇ ಮೂಡಿದ. ಕರಿಯನ ಹಣೆಯ ಮೇಲೆ ಮಾತ್ರ ಹೆಬ್ಬೆರಳಿನಗಲ ಮಸಿಯೇ ಹತ್ತಿರಲಿಲ್ಲ. ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಅಲ್ಲಿ ಲಿನೋ ಸವೆದು ತಗ್ಗಾಗಿತ್ತು.

ವೈನಿ ಬಗ್ಗಿ ನೋಡಿದರು. "ಮಾವಾರು ದಿನಾ ಹೊಲಕ್ಕ ಹೋಗೂಮುಂದ ಅವನ ಹಣಿ ಸವರೇ ಹೋಗ್ತಿದ್ರು. ನಿನಗ ಗೊತ್ತಿರ್ಲಿಲ್ಲೇನು?"

ನನಗೆ ಗೊತ್ತಿರಲಿಲ್ಲ. ನಗಿಸಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಆ ಬಿಳಿ ನಾನು ಕೊರೆದದ್ದಲ್ಲ. ಹಾಳೆಯನ್ನು ಒಣಗಲು ಕಿಟಕಿಗೆ ಸಿಕ್ಕಿಸಿದೆ. ಎಡಕ್ಕೇ ನಿಂತಿದ್ದರೂ ಈ ಸಲ ಅವನು ನಮ್ಮ ಕರಿಯನೇ.