ಬೀಸುವ ಕಲ್ಲಿನ ಸದ್ದಿನಲ್ಲಿ ಬಂದ ರಂಗನಾಥ

ರಂಗನಾಥಸ್ವಾಮಿಯನ್ನು ನಂಬಿದ ಎಲ್ಲರಿಗೂ ಅಕ್ಕಿಹೆಬ್ಬಾಳಿನ ಹೆಣ್ಣುಮಗಳೊಬ್ಬಳ ನಮಸ್ಕಾರ. ಕನ್ನಂಬಾಡಿ ಕಟ್ಟೆ ಕಟ್ಟಿ ಮುಗಿದ ಹೊಸತರಲ್ಲಿ ನನ್ನ ಗಂಡ ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ, ತವರಿಗೆ ಬಂದುಬಿಟ್ಟೆ. ನಾಗಮಂಗಲದಲ್ಲಿದ್ದ ಗಂಡನ ಅಣ್ಣ, ನಮ್ಮ ಭಾವನವರು ಮಾತ್ರ ಸುಮ್ಮನಿರಲಿಲ್ಲ, ಬಾ ಎಂದು ಹೇಳಿಕಳಿಸುತ್ತಲೇ ಇದ್ದರು. ಅವರ ಒಲೆಗೂ ಕೊಟ್ಟಿಗೆಗೂ ಒಂದು ಆಳು ಬೇಕಿತ್ತು. ಕೊನೆಗೆ ಅಪ್ಪ ಅವರನ್ನು ಒಂದು ಮಾತಿಗೆ ಒಪ್ಪಿಸಿದರು. ನಾನು ಲೋವರ್ ಸೆಕೆಂಡರಿ ಪರೀಕ್ಷೆ ಪಾಸಾದರೆ ಊರಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಂಡು ಇಲ್ಲೇ ಇರುವುದು, ಇಲ್ಲದಿದ್ದರೆ ಅವರ ಗಾಡಿ ಹತ್ತುವುದು.

ಉಳಿದ ಪಾಠಗಳು ಹೇಗೋ ತಲೆಗೆ ಹತ್ತಿದವು. ಇಂಗ್ಲಿಷು ಪ್ರಾಣ ಹಿಂಡಿತು. ಎಲ್ಲಿ ಕಾಮಾ, ಎಲ್ಲಿ ಫುಲ್‌ಸ್ಟಾಪು, ಯಾವುದಕ್ಕೆ ದೊಡ್ಡಕ್ಷರ! ಎದುರುಮನೆ ಮೇಷ್ಟರು ಸಂಜೆ ಹೇಳಿಕೊಟ್ಟ ನಿಯಮಗಳು ಬೆಳಗಾಗುವಷ್ಟರಲ್ಲಿ ಮಾಯವಾಗಿರುತ್ತಿದ್ದವು. ನನಗೆ ಗೊತ್ತಿದ್ದುದು ಒಂದೇ ದಾರಿ. ರಾಗಿ ಬೀಸುವಾಗ ಬೀಸೋ ಪದ ಹಾಡುವ ಬದಲು ಆ ನಿಯಮಗಳನ್ನೇ ಅದೇ ಧಾಟಿಯಲ್ಲಿ ಹಾಡತೊಡಗಿದೆ. ಕಲ್ಲು ತಿರುಗಿದ ಹಾಗೆ ಒಂದೊಂದೇ ಬಾಯಿಗೆ ಬಂತು. ಅವ್ವ ಇಣುಕಿ ನೋಡಿ, "ಇದ್ಯಾವ್ದವ್ವ, ದೊರೆಗಳ ಮನೆ ಸೋಬಾನೆಯಾ?" ಎಂದು ನಗುತ್ತಿದ್ದಳು.

ಪರೀಕ್ಷೆ ಶ್ರೀರಂಗಪಟ್ಟಣದಲ್ಲಿ. ಅಪ್ಪನ ಜೊತೆ ಹಿಂದಿನ ದಿನವೇ ಹೊರಟು, ಮೈಸೂರಿನಲ್ಲಿ ರೈಲು ಬದಲಾಯಿಸಿ ಹೋಗಿ ಛತ್ರದಲ್ಲಿ ಉಳಿದೆ. ಬೆಳಿಗ್ಗೆ ಹೊಳೆಯ ಮೇಲೆ ತೆಳ್ಳಗೆ ಮಂಜು ಹರಡಿತ್ತು. ಸ್ನಾನ ಮಾಡಿ ಸ್ವಾಮಿಗೆ ಕೈಮುಗಿದು ಬಂದು ಪರೀಕ್ಷೆಯ ಕೋಣೆಯಲ್ಲಿ ಬೆಂಚಿನ ಮೇಲೆ ಕೂತೆ.

ಪ್ರಶ್ನೆಪತ್ರಿಕೆಯಲ್ಲಿ ಒಂದು ಚುಕ್ಕೆಯೂ ಇಲ್ಲದ ಇಂಗ್ಲಿಷು ಸಾಲುಗಳು ಹರಿಯುತ್ತಲೇ ಇದ್ದವು. ಚಿಹ್ನೆಗಳನ್ನು ನಾವೇ ಹಾಕಬೇಕಿತ್ತು. ಒಂದು ನಿಯಮವೂ ನೆನಪಾಗಲಿಲ್ಲ. ಆಗುವುದಾದರೂ ಹೇಗೆ? ಮುಂದೆ ಕಲ್ಲಿಲ್ಲ, ಕೈಯಲ್ಲಿ ಅದರ ಗೂಟವಿಲ್ಲ. ಅಕ್ಷರಗಳು ನೀರಿನೊಳಗಿಂದ ಕಂಡಂತೆ ಅಲುಗಿದವು. ಭಾವನವರ ಗಾಡಿ ಕಣ್ಣಿಗೆ ಕಟ್ಟಿತು. "ರಂಗಪ್ಪ, ನನ್ ಕೈಲಾಗಾಕಿಲ್ಲ, ನೀನೇ ನೋಡ್ಕೊ" ಎಂದು ಕಣ್ಣು ಮುಚ್ಚಿದೆ.

ಕಿಟಕಿಯಾಚೆ ಎಲ್ಲೋ ಗರಗರ ಎಂದು ರಾಗಿಕಲ್ಲು ತಿರುಗತೊಡಗಿತು. ಮೊದಲು ಕನಸೆಂದುಕೊಂಡೆ. ಅಷ್ಟರಲ್ಲಿ ನನ್ನ ಎಡಗೈ ಬೆಂಚಿನ ಕೆಳಗೆ ತಾನಾಗಿ ಸುತ್ತುತ್ತಿತ್ತು. ನಮ್ಮ ನಡುಮನೆಯ ಬೆಳಕು, ಹಿಟ್ಟಿನ ವಾಸನೆ ಎಲ್ಲ ಆ ಕೋಣೆಗೇ ಬಂದ ಹಾಗಾಯಿತು. ನಿಯಮಗಳು ಸಾಲಾಗಿ ಬಂದವು, ಬಲಗೈ ಬರೆಯಿತು. ನಡುವೆ ಕಾವಲಿದ್ದ ಮೇಷ್ಟರು ಕಿಟಕಿ ಮುಚ್ಚಲು ಎದ್ದರು. ಸದ್ದು ಕೇಳದೆ ಹೋದರೆ ಗತಿಯೇನೆಂದು ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದೆ. ಅವರು ಬಿಸಿಲೇರಿದ ಸೆಕೆ ನೋಡಿ ಹಾಗೇ ಕೂತುಕೊಂಡರು.

ಪರೀಕ್ಷೆ ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಸದ್ದು ಬಂದ ಮನೆ ಹುಡುಕಿದೆ. ಮುದುಕಿಯೊಬ್ಬಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ದಿನವೂ ಇದೇ ಹೊತ್ತಿಗೆ ಬೀಸುತ್ತೀಯಾ ಅಜ್ಜಿ ಎಂದು ಕೇಳಿದೆ.

"ಎಲ್ಲಾರ ಉಂಟಾ ಮಗ? ಕೋಳಿ ಕೂಗೋ ಒತ್ಗೇ ಬೀಸ್ಬುಡ್ತೀನಿ. ಇವತ್ತು ಅದೇನ್ ನಿದ್ದೆನೋ ಕಾಣೆ, ಬಿಸ್ಲೇರೋಗಂಟ ಎಚ್ರಾನೇ ಆಗ್ಲಿಲ್ಲ. ಸೊಸೆ ಕೈಲಿ ಬೈಸ್ಕಂಡೆ" ಎಂದಳು.

ನಾನು ಅವಳ ಕಾಲಿಗೆ ಬಿದ್ದೆ. ಅವಳು ಗಾಬರಿಯಾಗಿ ಅಪ್ಪನ ಮುಖ ನೋಡಿದಳು.

ಪಾಸಾದೆ. ಗಾಡಿ ಕಟ್ಟಿಕೊಂಡು ಬಂದ ಭಾವನವರಿಗೆ ಅಪ್ಪ, "ನಮ್ಮುಡ್ಗಿ ಬರಾಕಿಲ್ಲ ಕಣಪ್ಪ, ಉಂಡು ಓಗು" ಎಂದರು. ಬಾಗಿಲ ಹಿಂದೆ ನಿಂತು ಮನಸಾರೆ ಅತ್ತೆ. ಕೇಳಿದವರು ಏನೋ ಕಾಕತಾಳೀಯ ಎನ್ನುತ್ತಾರೆ, ಎನ್ನಲಿ. ಆದಿಶೇಷನ ಮೇಲೆ ಮಲಗಿರುವ ನಮ್ಮಪ್ಪ ರಂಗನಾಥ ತನ್ನ ನಿದ್ದೆಯಲ್ಲೇ ಒಂದು ಪಾಲನ್ನು ಆ ಬೆಳಿಗ್ಗೆ ಆ ಅಜ್ಜಿಗೆ ಕೊಟ್ಟು ನನ್ನನ್ನು ಉಳಿಸಿಕೊಂಡ.